ಕೌಂಟಿಯವರು ಬಂದಿದ್ದಾರೆ

ಸರ್ಕಾರಿ ಸಭೆಯಲ್ಲಿ ತೂಕಡಿಸುವುದೂ ಒಂದು ವಿದ್ಯೆ. ಕಣ್ಣು ಕಡತದ ಮೇಲಿರಬೇಕು, ಕಿವಿ ನಮ್ಮ ಇಲಾಖೆಯ ಹೆಸರಿಗೆ ಕಾದಿರಬೇಕು. ಮಿಕ್ಕ ಮೈ ಹಾಯಾಗಿರಬಹುದು. ತಾಲ್ಲೂಕಿನ ಕೆಡಿಪಿ ಸಭೆಗಳ ಹಿಂದಿನ ಸಾಲಿನಲ್ಲಿ ಕೂತು ನಾನು ಇದನ್ನು ಕರಗತ ಮಾಡಿಕೊಂಡವನು. ಅನುಪಾಲನಾ ವರದಿಯಿಂದ ಶುರುವಾಗಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಬರುವ ಹೊತ್ತಿಗೆ ಅಡುಗೆಯವರ ಉಪ್ಪಿಟ್ಟೂ ಬಂದಿರುತ್ತಿತ್ತು. ಅದಕ್ಕೇ ಕ್ಯಾಲಿಫೋರ್ನಿಯಾದ ಕುಪರ್ಟಿನೊದಲ್ಲಿರುವ ಮಗಳ ಮನೆಗೆ ಹೋದಾಗ, ಅಲ್ಲಿನ ನಗರಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದೆಂದು ತಿಳಿದು ಹಿಗ್ಗಿದೆ. “ಇಲ್ಲಿಗೆ ಬಂದೂ ಮೀಟಿಂಗೇ ಬೇಕಾ ಮಾವ?” ಅಂದರು ಅಳಿಯ. ಬೇಕು.

ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆ ಅಂತ ಒಂದಿದೆ. ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಹಚ್ಚಬೇಕು, ಜನರಿಗೆ ಮಾತಾಡಲು ಬಿಡಬೇಕು. ನಾನು ಹೋದ ದಿನದ ಪಟ್ಟಿಯಲ್ಲಿ ಕೌಂಟಿಯ ಅಧಿಕಾರಿಯೊಬ್ಬರ ವರದಿಯಿತ್ತು. ಕೌಂಟಿಯೆಂದರೆ ನಮ್ಮ ಜಿಲ್ಲೆ ಅಂದುಕೊಳ್ಳಬಹುದು. ಸಾಂತಾ ಕ್ಲಾರಾ ಕೌಂಟಿಯಲ್ಲಿ 15 ನಗರಗಳು, ನಡೆಸುವವರು ಐದು ಜನ ಚುನಾಯಿತ ಸದಸ್ಯರು. ಆದರೆ ನಮ್ಮಲ್ಲಿ ಜಿಲ್ಲೆಯಿಂದ ಸಾಹೇಬರು ಬಂದರೆ ಪುರಸಭೆಯವರು ಗೇಟಿನ ಹತ್ತಿರವೇ ಬೆನ್ನು ಬಾಗಿಸುತ್ತಾರೆ. ಇಲ್ಲಿ ಯಾರೂ ಮೇಲೇಳಲಿಲ್ಲ. ಕೌಂಟಿ ನಗರಕ್ಕೆ ಯಜಮಾನನಲ್ಲ, ನಗರ ಕೌಂಟಿಗೆ ಆಳಲ್ಲ. ಪಾಲಾದ ಅಣ್ಣತಮ್ಮಂದಿರ ಮನೆಯಂತೆ: ಒಲೆ ಬೇರೆ, ಬಾವಿ ಒಂದೇ. ಆ ಬಾವಿಯ ಲೆಕ್ಕ ಒಪ್ಪಿಸಲು ಬಂದವರು ಆ ಅಧಿಕಾರಿ.

ಕುಪರ್ಟಿನೊದ ಗ್ರಂಥಾಲಯವನ್ನೇ ನೋಡಿ. ಕಟ್ಟಡ ನಗರದ್ದು, ಒಳಗಿನ ಪುಸ್ತಕ ಮತ್ತು ಸಿಬ್ಬಂದಿ ಕೌಂಟಿ ಗ್ರಂಥಾಲಯದ್ದು. ಸೂರು ಸೋರಿದರೆ ಒಬ್ಬರಿಗೆ ಫೋನು, ಪುಸ್ತಕ ಸಿಗದಿದ್ದರೆ ಇನ್ನೊಬ್ಬರಿಗೆ. ಇನ್ನೂ ಮಜದ್ದು ಪೊಲೀಸು. ಕುಪರ್ಟಿನೊಗೆ ಸ್ವಂತ ಪೊಲೀಸರೇ ಇಲ್ಲ! ಕೌಂಟಿಯ ಶೆರಿಫ್ ಇಲಾಖೆಗೆ ದುಡ್ಡು ಕೊಟ್ಟು ಗುತ್ತಿಗೆಯ ಮೇಲೆ ಕಾವಲು ತರಿಸಿಕೊಳ್ಳುತ್ತದೆ. ಪಕ್ಕದ ಸರಟೋಗಾದ್ದೂ ಇದೇ ಏರ್ಪಾಡು. ಹೀಗೆ ದುಡ್ಡು ಕೊಟ್ಟು ಕೊಂಡದ್ದಾದ್ದರಿಂದ ಕಾವಲಿನ ವಿಷಯ ಬಂದಾಗ ಸದಸ್ಯರ ದನಿಯಲ್ಲಿ ಗಿರಾಕಿಯ ಗತ್ತಿತ್ತು: ಗಸ್ತಿನ ಕಾರು ಎಷ್ಟು, ಕರೆದರೆ ಎಷ್ಟು ಹೊತ್ತಿಗೆ ಬರುತ್ತೀರಿ, ಮನೆಗಳ್ಳತನ ಯಾಕೆ ನಿಂತಿಲ್ಲ. ಪೊಲೀಸರ ಬಗ್ಗೆ ಅಂಗಡಿಯಲ್ಲಿ ಚೌಕಾಸಿ ಮಾಡಿದ ಹಾಗೆ ಮಾತಾಡುವುದನ್ನು ನಾನು ಮೊದಲ ಸಲ ಕೇಳಿದ್ದು. ನಮ್ಮ ಠಾಣೆಯ ದಫೇದಾರರು ಕೇಳಿಸಿಕೊಂಡಿದ್ದರೆ!

ಆಸ್ಪತ್ರೆಯ ಸರದಿ ಬಂತು. ದಿವಾಳಿಯೆದ್ದ ಸಂಸ್ಥೆಯೊಂದರಿಂದ ಕೌಂಟಿ 2019ರಲ್ಲಿ ಎರಡು ಆಸ್ಪತ್ರೆಗಳನ್ನೇ ಕೊಂಡಿತ್ತು, ಸ್ಯಾನ್ ಹೋಸೆಯಲ್ಲೊಂದು, ಗಿಲ್ರಾಯ್‌ನಲ್ಲೊಂದು. ಬಡವರ ಚಿಕಿತ್ಸೆಯ ಭಾರವೆಲ್ಲ ಅದರ ಹೆಗಲ ಮೇಲೇ. ಇಷ್ಟು ದೊಡ್ಡ ಸಂಗತಿಗೆ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು, ಪರದೆಯ ಮೇಲೆ ಮುಂದಿನ ಪುಟ ಬಂತು. ಗ್ರಂಥಾಲಯದ ಬಾಗಿಲು ಎಷ್ಟು ಹೊತ್ತಿಗೆ ಹಾಕಬೇಕು ಎಂಬಲ್ಲಿಗೆ ಬಂದಾಗ ಮಾತ್ರ ಸಭೆಗೆ ಜೀವ ಬಂತು. ಒಬ್ಬೊಬ್ಬರದೂ ಒಂದೊಂದು ಅಭಿಪ್ರಾಯ. ಈ ವಿಷಯದಲ್ಲಿ ಮನುಷ್ಯರು ಎಲ್ಲ ಕಡೆಯೂ ಒಂದೇ. ನಮ್ಮಲ್ಲೂ ಕೋಟಿಗಟ್ಟಲೆಯ ನೀರಾವರಿ ಕಾಮಗಾರಿ ಚಿಟಿಕೆ ಹೊಡೆಯುವುದರೊಳಗೆ ಪಾಸಾಗಿ, ಅಂಗನವಾಡಿಯ ಸುಣ್ಣಬಣ್ಣಕ್ಕೆ ಮಧ್ಯಾಹ್ನವೆಲ್ಲ ಕಳೆದದ್ದುಂಟು. ನನಗೇನೋ ಇದರಲ್ಲಿ ತಪ್ಪು ಕಾಣದು. ಬಾಗಿಲು ಹಾಕಿದ ಗ್ರಂಥಾಲಯದ ಮುಂದೆ ನಿಂತವರು ಮಾತಾಡಬಲ್ಲರು. ಆಸ್ಪತ್ರೆಯ ಜಮಾಖರ್ಚು ಬಲ್ಲವರು ಊರಿಗಿಬ್ಬರು.

ಪಾಪ, ಕೌಂಟಿಯ ಪಾಡೂ ಹೇಳಬೇಕು. ಮನೆ ಕಂದಾಯ ವಸೂಲಿ ಮಾಡುವುದು ಅದೇ. ಡಿಸೆಂಬರ್ 10, ಏಪ್ರಿಲ್ 10, ಈ ಗಡುವು ದಾಟಿದರೆ ನೂರಕ್ಕೆ 10 ದಂಡ. ಬೈಗುಳವೆಲ್ಲ ಅದಕ್ಕೆ, ಹಣ ಮಾತ್ರ ಶಾಲೆಗಿಷ್ಟು, ನಗರಕ್ಕಿಷ್ಟು ಅಂತ ಹಂಚಿಹೋಗುತ್ತದೆ. ಜನನ ಪತ್ರ, ಚುನಾವಣೆ, ಜೈಲು, ಹೋಟೆಲಿನ ಬಾಗಿಲಿಗೆ ಹಸಿರು, ಹಳದಿ, ಕೆಂಪು ಫಲಕ ಹಚ್ಚುವ ತಪಾಸಣೆ, ಎಲ್ಲ ಅದರದ್ದೇ. ಸರಿಯಾಗಿ ನಡೆದಾಗ ಯಾರೂ ನೆನೆಯದ ಕೆಲಸಗಳು.

ಕೊನೆಗೆ ಅಜ್ಜಿಯೊಬ್ಬರು ಮೈಕಿನ ಮುಂದೆ ಬಂದು, ಹಿತ್ತಿಲ ಕೊಳದಲ್ಲಿ ಸೊಳ್ಳೆ ಅಂದರು. ಅಧಿಕಾರಿಯ ಮುಖ ಆ ಸಂಜೆ ಮೊದಲ ಬಾರಿಗೆ ಅರಳಿತು. ಕೌಂಟಿಯವರು ಸೊಳ್ಳೆಮರಿ ತಿನ್ನುವ ಮೀನನ್ನು ಪುಕ್ಕಟೆ ಕೊಡುತ್ತಾರಂತೆ. ಗಂಬೂಸಿಯಾ! ನಮ್ಮ ಆರೋಗ್ಯ ಇಲಾಖೆಯವರು ಬಾವಿಗೆ, ಕಲ್ಯಾಣಿಗೆ ಬಿಡುವ ಅದೇ ಲಾರ್ವಾಹಾರಿ ಮೀನು. ಎದ್ದು ನಿಂತು ಹೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅಜ್ಜಿ, ಹಾಗಾದರೆ ನನ್ನ ಬಣ್ಣದ ಮೀನುಗಳ ಮರಿಗಳನ್ನೂ ಅವು ತಿನ್ನುತ್ತವೆಯೇ ಅಂತ ಕೇಳಿದರು. ಅಧಿಕಾರಿ ಕಡತ ತಿರುವಿದರು, ಪಕ್ಕದವರನ್ನು ನೋಡಿದರು, ಸಂಬಂಧಪಟ್ಟ ವಿಭಾಗದಿಂದ ಮಾಹಿತಿ ಪಡೆದು ತಿಳಿಸುತ್ತೇನೆ ಅಂದರು.