ಕರೆಂಟಿಲ್ಲದ ಹೊಲದಲ್ಲಿ ಸೋಲ್ಡರಿಂಗ್

ನಮ್ಮೂರು ಜಿನನಾಥಪುರ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕಿದೆ. ಹೊಯ್ಸಳರ ಕಾಲದ ಶಾಂತಿನಾಥ ಬಸದಿ ನೋಡಲು ಬಂದವರು ನಮ್ಮ ಮನೆ ಮುಂದೆ ನಿಂತು ದಾರಿ ಕೇಳುತ್ತಾರೆ. ರೈತರು ಮಾತ್ರ ನಮ್ಮ ಮನೆಯನ್ನೇ ಕೇಳಿಕೊಂಡು ಬರುತ್ತಾರೆ. ಅಬ್ಬಾ ಔಷಧಿ ಹೊಡೆಯುವ ಬ್ಯಾಟರಿ ಪಂಪು ರಿಪೇರಿ ಮಾಡುತ್ತಾರೆ.

ಈ ಪಂಪಿಗೆ ದೊಡ್ಡ ಕಾಯಿಲೆ ಬರುವುದು ಕಡಿಮೆ. ಬೆನ್ನಿಗೆ ಹಾಕಿಕೊಂಡು ಓಡಾಡುವಾಗ ಅಲುಗಾಡಿ, ಔಷಧಿ ನೀರು ಸೋರಿ, ಸ್ವಿಚ್ಚಿನ ಹತ್ತಿರವೋ ಚಾರ್ಜಿಂಗ್ ಪಿನ್ ಹತ್ತಿರವೋ ವೈರ್ ಕಿತ್ತು ಬರುತ್ತದೆ. ಸೋಲ್ಡರಿಂಗ್ ಮಾಡಿದರೆ ಎರಡು ನಿಮಿಷದ ಕೆಲಸ. ಆದರೆ ಅಬ್ಬಾನ ಹತ್ತಿರ ಇದ್ದದ್ದು 230 ವೋಲ್ಟಿನ ಐರನ್. ಹೊಲದಲ್ಲಿ ಪ್ಲಗ್ ಎಲ್ಲಿ? ಬೋರ್‌ವೆಲ್ಲಿನ ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಅದನ್ನು ನಂಬುವಂತಿಲ್ಲ. ಹಾಗಾಗಿ ಪಂಪನ್ನು ಮನೆಗೆ ತಂದು, ಸರಿಮಾಡಿ, ಮತ್ತೆ ಹೊಲಕ್ಕೆ ಒಯ್ದು ಕೊಡಬೇಕು. ಪೆಟ್ರೋಲ್ ಎರಡೆರಡು ಸಲ.

ಕಳೆದ ಜುಲೈನಲ್ಲಿ ಮೋಡ ಕಟ್ಟಿದ್ದ ಒಂದು ದಿನ, ಆಲೂಗೆಡ್ಡೆ ಹಾಕಿದ್ದ ಒಬ್ಬರ ಪಂಪು ಬೆಳಿಗ್ಗೆ ಒಂಬತ್ತಕ್ಕೆ ನಿಂತುಹೋಯಿತು. ಅಬ್ಬಾ ಬೇರೆ ಊರಿನಲ್ಲಿದ್ದರು. ಬಂದು, ಒಯ್ದು, ಸರಿಮಾಡಿ ವಾಪಸ್ ಕೊಡುವಷ್ಟರಲ್ಲಿ ಮೂರು ಗಂಟೆ, ಆಗಲೇ ಮಳೆ ಶುರು. ಎಲೆ ಒದ್ದೆಯಿದ್ದರೆ ಅಂಗಮಾರಿ ಎಷ್ಟು ಬೇಗ ಹರಡುತ್ತದೆಂದು ಹಾಸನ ಜಿಲ್ಲೆಯವರಿಗೆ ಹೇಳಬೇಕಿಲ್ಲ. "ಇವತ್ತು ಹೊಡೀಲೇಬೇಕಿತ್ತು ಸಾಬ್ರೇ" ಅಂದರು, ಅಷ್ಟೇ. ಅಬ್ಬಾ ಆ ದಿನ ದುಡ್ಡು ತೆಗೆದುಕೊಳ್ಳಲಿಲ್ಲ.

ನನ್ನ ಹತ್ತಿರ ಈದಿ ದುಡ್ಡಿತ್ತು. ಅದರಲ್ಲಿ ನಾನೂರು ರೂಪಾಯಿ ಕೊಟ್ಟು, ಪವರ್‌ಬ್ಯಾಂಕಿಗೆ ಸಿಕ್ಕಿಸುವ 8 ವ್ಯಾಟಿನ ಐರನ್ ತರಿಸಿದೆ. ಯಾರನ್ನೂ ಕೇಳಲಿಲ್ಲ. ತುದಿಗೆ ಲೆಡ್ಡು ಮುಟ್ಟಿಸಿದ ಕೂಡಲೇ ಕರಗಿತು. ನಾನೇ ಗೆದ್ದೆ ಅಂದುಕೊಂಡೆ. ಆದರೆ ಬ್ಯಾಟರಿಯ ದಪ್ಪ ವೈರ್ ಮೇಲೆ ಅದು ಹಿಡಿಯಲೇ ಇಲ್ಲ. ಗುಂಡುಗುಂಡಾಗಿ ಉರುಳಿ ಬಿತ್ತು. ಒತ್ತಿ ಹಿಡಿದು ಕೂತೆ. ವೈರಿನ ಪ್ಲಾಸ್ಟಿಕ್ ಸುಕ್ಕಾಯಿತೇ ಹೊರತು ಲೆಡ್ಡು ಕೂರಲಿಲ್ಲ. ಅಬ್ಬಾ ಏನೂ ಅನ್ನಲಿಲ್ಲ. ಅದೇ ಹೆಚ್ಚು ಬೇಜಾರಾಯಿತು.

ಮಾತಾಡಿದ್ದು ಮಂಚದ ಮೇಲಿದ್ದ ದಾದಾ. ಅವರು ಇದ್ದಿಲು, ತಿದಿ ಹೊತ್ತುಕೊಂಡು ಊರೂರು ಸುತ್ತಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದವರು. (ಕಲಾಯಿ ಅನ್ನುವುದು ಅರಬ್ಬಿಯಿಂದ ಬಂದ ಪದ. ನಾನು ಕನ್ನಡದ್ದೇ ಅಂದುಕೊಂಡಿದ್ದೆ.) "ತವರ ಕರಗಿಸೋದು ಕೆಲಸ ಅಲ್ಲ ಬೇಟಾ, ಪಾತ್ರೆ ಕಾಯಿಸೋದು ಕೆಲಸ" ಅಂದರು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಬೇಕು. ಪಾತ್ರೆಯೇ ಅಷ್ಟು ಕಾದಿರಬೇಕು. ಆಮೇಲೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಹರಡುತ್ತದೆ. ನಮ್ಮ ಲೆಡ್ಡಿನಲ್ಲಿ ತವರದ ಜೊತೆ ಸೀಸವೂ ಇರುವುದರಿಂದ ಅದು 190ರ ಆಸುಪಾಸಿನಲ್ಲೇ ಕರಗುತ್ತದೆ. ಹಾಗಿದ್ದರೂ ವೈರ್ ಕಾಯಲೇಬೇಕು. ದಪ್ಪ ತಾಮ್ರ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಎಳೆದಷ್ಟನ್ನು ತುಂಬಿಕೊಡಲು 8 ವ್ಯಾಟಿಗೆ ಆಗುವುದಿಲ್ಲ.

ಈ ಸಲ ಕೊಳ್ಳುವ ಮೊದಲೇ ಕೂತು ಯೋಚಿಸಿದೆವು. ಲೈಟರ್ ಗ್ಯಾಸ್ ತುಂಬುವ ಐರನ್ ಒಂದನ್ನು ಚನ್ನರಾಯಪಟ್ಟಣದ ಪರಿಚಯದವರಿಂದ ಒಂದು ದಿನಕ್ಕೆ ತಂದೆವು. ಚೆನ್ನಾಗಿ ಕಾಯುತ್ತದೆ, ವೈರಿನ ರಗಳೆಯೇ ಇಲ್ಲ. ಆದರೆ ಬಯಲಿನ ಗಾಳಿಗೆ ಕಾವು ನಿಲ್ಲಲಿಲ್ಲ. ಪಕ್ಕದ ತೂತಿನಿಂದ ಬರುವ ಬಿಸಿಗಾಳಿ ಪಂಪಿನ ಪ್ಲಾಸ್ಟಿಕ್ಕಿಗೇ ತಗಲುತ್ತಿತ್ತು. ಸುತ್ತ ಒಣಹುಲ್ಲು ಬೇರೆ. ಟೈಪ್-ಸಿ ಇರುವ ಒಳ್ಳೆಯ ಐರನ್‌ಗಳೂ ಇವೆ. ಅವಕ್ಕೆ ಮಾಮೂಲಿ ಪವರ್‌ಬ್ಯಾಂಕಿನ 5 ವೋಲ್ಟ್ ಸಾಲದು, ಹೆಚ್ಚು ವೋಲ್ಟ್ ಕೊಡುವ ಪವರ್‌ಬ್ಯಾಂಕನ್ನೂ ಕೊಳ್ಳಬೇಕು. ಎರಡೂ ಸೇರಿದರೆ ನಮ್ಮ ಕೈಗೆ ಎಟುಕುವುದಿಲ್ಲ.

ಕೊನೆಗೆ ತಂದದ್ದು 12 ವೋಲ್ಟಿನ, 30 ವ್ಯಾಟಿನ ಐರನ್. ಎರಡು ಕ್ಲಿಪ್ ಇರುತ್ತವೆ, ಬೈಕಿನ ಬ್ಯಾಟರಿಗೆ ಕಚ್ಚಿಸಿದರೆ ಸಾಕು. ಒಳಗಿರುವುದು ಬರೀ ಕಾಯುವ ತಂತಿ, ಪ್ಲಸ್ ಮೈನಸ್ ಅದಲುಬದಲಾದರೂ ತೊಂದರೆಯಿಲ್ಲ. ಲೆಕ್ಕ ನಾನೇ ಹಾಕಿದೆ: 30 ವ್ಯಾಟ್ ಭಾಗಿಸು 12 ವೋಲ್ಟ್, ಎರಡೂವರೆ ಆಂಪಿಯರ್. ಹತ್ತು ನಿಮಿಷ ಉರಿಸಿದರೆ ಅರ್ಧ ಆಂಪಿಯರ್-ಅವರ್ ಕೂಡ ಖರ್ಚಾಗದು. ಪಂಪಿನ 8 ಆಂಪಿಯರ್-ಅವರ್ ಬ್ಯಾಟರಿಯನ್ನೇ ಹೊರತೆಗೆದು ಬಳಸಿದರೂ ಇಪ್ಪತ್ತರಲ್ಲಿ ಒಂದು ಪಾಲು ಅಷ್ಟೇ. ಆದರೆ ಆಗತಾನೇ ಚಾರ್ಜಿನಿಂದ ತೆಗೆದ ಬ್ಯಾಟರಿಗೆ ಕ್ಲಿಪ್ ಹಾಕಬಾರದು. ಒಳಗಿಂದ ಹೈಡ್ರೋಜನ್ ಬಂದಿರಬಹುದು, ಕಿಡಿ ಹಾರಿದರೆ ಅಪಾಯ. ಸೀಸ ಮುಟ್ಟಿದ ಕೈಯಲ್ಲಿ ಊಟದ ಡಬ್ಬಿ ಮುಟ್ಟಿದರೆ ಅಮ್ಮಿ ಬಿಡುವುದಿಲ್ಲ. ಈಗ ಟೂಲ್ ಬ್ಯಾಗಿನಲ್ಲಿ ಒಂದು ಸೋಪಿನ ತುಂಡೂ ಇದೆ.

ಹೋದ ಭಾನುವಾರ ಅದೇ ಆಲೂಗೆಡ್ಡೆಯವರ ಹೊಲಕ್ಕೆ ಅಬ್ಬಾನ ಜೊತೆ ನಾನೂ ಹೋಗಿದ್ದೆ. ಕ್ಲಿಪ್ ಹಾಕಿ ಐದು ನಿಮಿಷ ಕಾದೆವು. ಅಬ್ಬಾ ಐರನ್ನನ್ನು ನನ್ನ ಕೈಗೆ ಕೊಟ್ಟರು. ಮೊದಲು ವೈರ್ ಕಾಯಿಸಿದೆ, ಆಮೇಲೆ ಲೆಡ್ಡು ಮುಟ್ಟಿಸಿದೆ. ಎಳೆಗಳ ಒಳಗೆ ನೀರಿನ ಹಾಗೆ ಇಳಿಯಿತು. "ನಿಮ್ ಮಗು ನಿಮಗಿಂತ ಜೋರಾಗಿದೆ ಸಾಬ್ರೇ" ಅಂದರು. "ಇನ್ನೂ ಎಳೆದು ನೋಡಿಲ್ಲ ಗೌಡ್ರೇ" ಅಂತ ಅಬ್ಬಾ ವೈರನ್ನು ಎರಡು ಸಲ ಜಗ್ಗಿದರು. ಕಿತ್ತು ಬರಲಿಲ್ಲ.

ನಾನೂರು ರೂಪಾಯಿಯ ಐರನ್ ಈಗ ನನ್ನ ಕಾಲೇಜ್ ಬ್ಯಾಗಿನಲ್ಲಿದೆ. ಇಯರ್‌ಫೋನ್ ವೈರ್ ಕಿತ್ತಿದ್ದರೆ ತಂದುಕೊಡಿ, ಸಣ್ಣ ವೈರಿಗೆ ಅದು ಚೆನ್ನಾಗಿ ಆಗುತ್ತದೆ. ದಪ್ಪ ವೈರ್ ಮಾತ್ರ ತರಬೇಡಿ.