ಸೂಕ್ಷ್ಮಜೀವಶಾಸ್ತ್ರದ ಅಧ್ಯಯನವೂ ಶ್ರಾವಕಾಚಾರವೂ

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ ಶ್ರಾವಕ ಮನೆತನಗಳಲ್ಲಿ ಕೇಳಿಬರುವ ಪ್ರಶ್ನೆಗಳಲ್ಲಿ ಒಂದು ಇತರರ ಮನೆಗಳಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ. ಮಗಳು ಬಿ.ಎಸ್ಸಿ. ತರಗತಿಗೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳೊಡನೆ ಸೂಕ್ಷ್ಮಜೀವಶಾಸ್ತ್ರವನ್ನು ಆರಿಸಿಕೊಳ್ಳಬಯಸುತ್ತಾಳೆ. ತಂದೆಗೆ ಉದ್ಯೋಗದ ಚಿಂತೆ. ಹಾಲಿನ ಡೇರಿ, ಔಷಧ ಕಾರ್ಖಾನೆ, ಆಸ್ಪತ್ರೆಯ ಪ್ರಯೋಗಾಲಯ ಎಂದೊಡನೆ ಅದು ಬಹುಮಟ್ಟಿಗೆ ತೀರುತ್ತದೆ. ಅಜ್ಜಿಯ ಚಿಂತೆ ಬೇರೆ. "ಜೀವಗಳನ್ನು ಸಾಕಿ ಕೊಲ್ಲುವ ವಿದ್ಯೆಯಂತೆ, ಹೌದೇನಮ್ಮಾ?" ಎಂಬ ಆಕೆಯ ಮಾತಿಗೆ ಮನೆಯವರು ನಕ್ಕುಬಿಡುವುದುಂಟು. ಅದು ನಕ್ಕು ಕಳೆಯತಕ್ಕ ಮಾತಲ್ಲ.

ಈ ಶಾಸ್ತ್ರದ ಮೂಲಪುರುಷರಲ್ಲಿ ಮೊದಲಿಗನು ಒಬ್ಬ ಬಟ್ಟೆ ವ್ಯಾಪಾರಿ ಎಂಬುದು ವರ್ತಕ ಸಮಾಜಕ್ಕೆ ಸಂತೋಷ ಕೊಡುವ ಸಂಗತಿ. ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕ್ ತಾನೇ ಅರೆದು ಮಾಡಿದ ಮಸೂರಗಳಲ್ಲಿ ನೀರಿನ ಹನಿಯನ್ನು ನೋಡಿ, ಅದರೊಳಗೆ ಓಡಾಡುವ ಕಿರುಜೀವಿಗಳನ್ನು ಕುರಿತು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಇಂದಿನ ವಿದ್ಯಾರ್ಥಿನಿಯಾದರೋ ನೋಡುವುದರೊಡನೆ ನಿಲ್ಲುವಂತಿಲ್ಲ. ಆಕೆ ಬೆಳೆಸಲೂ ಬೇಕು. ಲೋಹದ ತಂತಿಯ ಕುಣಿಕೆಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಅದರ ತುದಿಯಿಂದ ಅಗಾರ್ ತುಂಬಿದ ಪೆಟ್ರಿ ತಟ್ಟೆಯ ಮೇಲೆ ಗೆರೆ ಎಳೆಯುವುದು ಆಕೆಯ ಮೊದಲ ಪಾಠಗಳಲ್ಲೊಂದು. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಒಂದೇ ಒಂದು ಕೋಶದಿಂದ ತೊಡಗಿದರೂ 7 ಗಂಟೆಗಳಲ್ಲಿ 20 ಲಕ್ಷಕ್ಕೆ ಮೀರಿದ ಸಂತತಿ! ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೂ ಇದು ಬೆರಗು ಹುಟ್ಟಿಸುವ ವೃದ್ಧಿ.

ಇಂಥ ಮಾತು ಬಂದಾಗ ನಮ್ಮ ಸಭೆಗಳಲ್ಲಿ, "ಇದನ್ನೆಲ್ಲ ಆಗಮಗಳು ನಿಗೋದವೆಂದು ಹಿಂದೆಯೇ ಹೇಳಿವೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಣ್ಣಿಗೆ ಕಾಣದ ಜೀವರಾಶಿಯನ್ನು ಒಪ್ಪಿ ಅದಕ್ಕಾಗಿ ನಡೆನುಡಿಯನ್ನು ಬಿಗಿಗೊಳಿಸಿದ ಪರಂಪರೆಗೆ ಹೆಮ್ಮೆ ಸಲ್ಲತಕ್ಕದ್ದೇ. ಆದರೆ ನಿಗೋದದಲ್ಲಿ ಅನಂತ ಜೀವಗಳಿಗೆ ಒಂದೇ ಶರೀರ. ಅವುಗಳ ಆಹಾರ, ಉಸಿರು, ಹುಟ್ಟು, ಸಾವು ಒಟ್ಟಿಗೇ ನಡೆಯುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಒಂದೊಂದು ಕೋಶವೂ ಬೇರೆಬೇರೆಯಾಗಿ ಉಂಡು, ಬೆಳೆದು, ಒಡೆಯುತ್ತದೆ. ಎರಡನ್ನೂ ಒಂದೇ ಎಂದರೆ ಆಗಮಕ್ಕೂ ನ್ಯಾಯವಾಗದು, ವಿಜ್ಞಾನಕ್ಕೂ ಆಗದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹಾಗೆ ಬರೆದ ಹುಡುಗಿಗೆ ಅಂಕವೂ ದೊರೆಯದು.

ವಿಜ್ಞಾನದ ಸಾಕ್ಷ್ಯವೇ ಬೇಕೆನ್ನುವವರಿಗೆ ಬಾಂಗ್ಲಾದೇಶದ ಸಂಗತಿಯೊಂದಿದೆ. ಅಲ್ಲಿನ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಕುಡಿಯುವ ನೀರನ್ನು ಸೋಸುವಂತೆ ಮಹಿಳೆಯರಿಗೆ ಕಲಿಸಿದಾಗ ಕಾಲರಾ ಪ್ರಕರಣಗಳು ಶೇಕಡಾ 48ರಷ್ಟು ಇಳಿದುವೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾ ರೋಗಾಣು ಬಟ್ಟೆಯ ಸಂದಿನಲ್ಲಿ ಸಲೀಸಾಗಿ ನುಸುಳುವಷ್ಟು ಕಿರಿದು. ಆದರೆ ಅದು ನೀರಿನ ದೊಡ್ಡ ಕಿರುಪ್ರಾಣಿಗಳ ಮೈಗೆ ಅಂಟಿಕೊಂಡಿರುತ್ತದೆ. ಆ ಪ್ರಾಣಿಗಳು ಬಟ್ಟೆಯಲ್ಲಿ ಉಳಿದುಬಿಡುತ್ತವೆ.

ನಮ್ಮ ಮನೆಗಳಲ್ಲಿ ನೀರು ಗಾಳಿಸುವ ವಿಧಿಯ ಉದ್ದೇಶ ಮಾತ್ರ ಕುಡಿಯುವವನ ಆರೋಗ್ಯವಲ್ಲ, ನೀರಿನಲ್ಲಿರುವ ಜೀವದ ರಕ್ಷಣೆ. ಆದುದರಿಂದಲೇ ಬಟ್ಟೆಯಲ್ಲಿ ಉಳಿದುದನ್ನು ಅಜ್ಜಿ ಚೆಲ್ಲಿಬಿಡದೆ, ಬಟ್ಟೆಯನ್ನು ಮಗುಚಿ ನೀರೆರೆದು, ಅದೇ ಬಾವಿಗೆ ಮರಳಿ ಬಿಡುತ್ತಾಳೆ. ಮೊಮ್ಮಗಳು ಇದಕ್ಕೆ ನೇರ ವಿರುದ್ಧವಾದುದನ್ನು ಮಾಡಬೇಕಾಗುತ್ತದೆ. ಪ್ರಯೋಗ ಮುಗಿದ ತಟ್ಟೆಗಳನ್ನು ಆಟೋಕ್ಲೇವಿನಲ್ಲಿಟ್ಟು, ಚದರ ಅಂಗುಲಕ್ಕೆ 15 ಪೌಂಡ್ ಒತ್ತಡದಲ್ಲಿ, 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಕನಿಷ್ಠ 15 ನಿಮಿಷ ಬೇಯಿಸದೆ ಹೊರಗೆ ಹಾಕುವಂತಿಲ್ಲ. ದಯೆಯಿಂದ ಅವನ್ನು ಚರಂಡಿಗೆ ಬಿಟ್ಟರೆ ಅದು ದಯೆಯಾಗದು, ಪ್ರಮಾದವಾದೀತು. ಆ ನೀರನ್ನು ಮುಟ್ಟುವ ಪೌರಕಾರ್ಮಿಕನೂ ಒಂದು ಜೀವವೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಪ್ರಮಾದವನ್ನು ಸೇರಿಸಿರುವುದನ್ನು ಇಲ್ಲಿ ಮರೆಯಬಾರದು.

ಹಾಗಾದರೆ ಅಜ್ಜಿಯ ಪ್ರಶ್ನೆ ಬಿದ್ದುಹೋಯಿತೇ? ಇಲ್ಲ, ಅದು ಸ್ಥಾನ ಬದಲಿಸಿತು. ಬಾವಿಯ ಜೀವವನ್ನು ಅಜ್ಜಿ ಹುಟ್ಟಿಸಿದವಳಲ್ಲ. ತಟ್ಟೆಯ ಜೀವರಾಶಿಯನ್ನು ಮೊಮ್ಮಗಳೇ ಬೆಳೆಸಿದಳು. ಆಟೋಕ್ಲೇವಿನ ಮುಚ್ಚಳ ಬಿಗಿಯುವ ಹೊತ್ತಿಗೆ ವಿವೇಚನೆಗೆ ಎಡೆಯೇ ಉಳಿದಿರುವುದಿಲ್ಲ. ಎಡೆಯಿರುವುದು ಕುಣಿಕೆಯನ್ನು ಕೈಗೆತ್ತಿಕೊಳ್ಳುವ ಮುಂಚೆ. ಎರಡು ತಟ್ಟೆ ಸಾಕಾಗುವಲ್ಲಿ ಆರನ್ನು ತುಂಬುವುದು, ಗೆಳತಿಯೊಡನೆ ಹಂಚಿಕೊಂಡು ನೋಡಬಹುದಾದುದನ್ನು ಪ್ರತ್ಯೇಕವಾಗಿ ಬೆಳೆಸುವುದು, ಉದಾಸೀನದಿಂದ ಕೆಡಿಸಿ ಮತ್ತೆ ಮೊದಲಿನಿಂದ ತೊಡಗುವುದು, ಇವನ್ನೇ ಶ್ರಾವಕಾಚಾರವು ಅನರ್ಥದಂಡವೆಂದು ಕರೆಯುತ್ತದೆ. ಗೃಹಸ್ಥನು ಏಕೇಂದ್ರಿಯ ಹಿಂಸೆಯಿಂದ ಪೂರ್ತಿ ಪಾರಾಗಲಾರನು. ನಿಷ್ಪ್ರಯೋಜಕವಾದುದನ್ನು ಬಿಡುವುದು ಅವನ ವ್ರತ. ಮೇಜಿನ ಮುಂದೆ ಕೂರುವ ಮೊದಲು ತಟ್ಟೆಗಳನ್ನು ಎಣಿಸಿಕೊಳ್ಳುವ ಹುಡುಗಿ ಆ ವ್ರತವನ್ನೇ ಪಾಲಿಸುತ್ತಾಳೆ. ಅಧ್ಯಾಪಕರಿಗೂ ಇಂಥ ವಿದ್ಯಾರ್ಥಿಗಳೇ ಪ್ರಿಯರು, ಕಾರಣ ಬೇರೆಯಿದ್ದರೂ.

ಮನೆಯವರು ವಿಚಾರಿಸದೆ ಬಿಡುವ ಸಂಗತಿ ಇನ್ನೊಂದಿದೆ: ಆ ಜೀವಿಗಳಿಗೆ ಹಾಕುವ ಆಹಾರ. ಅಗಾರ್ ಸಮುದ್ರಪಾಚಿಯಿಂದ ಬಂದುದು. 1881ರಲ್ಲಿ, ಪ್ರಾಣಿಮೂಲದ ಜೆಲಾಟಿನ್ ಬೆಚ್ಚಗಾದೊಡನೆ ಕರಗಿಬಿಡುವ ತೊಡಕಿಗೆ ತನ್ನ ಅಡುಗೆಮನೆಯ ಅಗಾರನ್ನು ಪರಿಹಾರವಾಗಿ ಸೂಚಿಸಿದವಳು ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. ಆದರೆ ಅದರೊಡನೆ ಬೆರೆಸುವ ಸಾಮಾನ್ಯ ಪೋಷಕಾಂಶಗಳಲ್ಲಿ ಗೋಮಾಂಸದ ಸಾರವಿರುತ್ತದೆ. ಪೆಪ್ಟೋನ್ ಹೆಚ್ಚಾಗಿ ಪ್ರಾಣಿಮೂಲದ್ದು. ತ್ರಸಜೀವದ ವಧೆ ಇರುವುದು ಇಲ್ಲಿಯೇ! ಕಾಣದ ಜೀವಕ್ಕಾಗಿ ಮರುಗುವವರು ಕಾಣುವ ದನವನ್ನು ಮರೆಯಬಾರದು. ಸೋಯಾ ಪೆಪ್ಟೋನ್, ಯೀಸ್ಟ್ ಸಾರಗಳಿಂದ ಮಾಡಿದ ಸಸ್ಯಮೂಲದ ಮಾಧ್ಯಮಗಳು ಈಗ ಭಾರತದಲ್ಲಿಯೇ ತಯಾರಾಗಿ ಮಾರಾಟವಾಗುತ್ತವೆ. ಮೊಸರು, ಮಣ್ಣು, ನೀರುಗಳ ಅನೇಕ ಪ್ರಯೋಗಗಳಿಗೆ ಅವು ಸಾಕು. ವಿಭಾಗದ ಮುಖ್ಯಸ್ಥರನ್ನು ವಿನಯದಿಂದ ಕೇಳಿಕೊಳ್ಳುವುದರಲ್ಲಿ ಸಂಕೋಚವೇಕೆ? ಬೆಲೆಯ ವ್ಯತ್ಯಾಸವಿದ್ದರೆ ಅದನ್ನು ತುಂಬಿಕೊಡುವುದು ನಮ್ಮ ಟ್ರಸ್ಟುಗಳಿಗೆ ಭಾರವಾಗದು.

ರೋಗನಿದಾನದ ಕೆಲವು ಪರೀಕ್ಷೆಗಳಿಗೆ ಕುರಿಯ ರಕ್ತ ಬೆರೆಸಿದ ಅಗಾರ್ ಬೇಕಾಗುತ್ತದೆ, ಅದರಿಂದ ರೋಗಿಯ ಪ್ರಾಣ ಉಳಿಯುವುದೂ ಉಂಟು. ವೈದ್ಯಕೀಯ ಶಾಖೆಗೆ ಹೋಗಬೇಕೋ, ಡೇರಿ ಅಥವಾ ಮಣ್ಣಿನ ಶಾಖೆಗೆ ತಿರುಗಬೇಕೋ ಎಂಬುದನ್ನು ಅಷ್ಟು ಹೊತ್ತಿಗೆ ಎಲ್ಲವನ್ನೂ ಕಣ್ಣಾರೆ ಕಂಡಿರುವ ಹುಡುಗಿ ಪದವಿಯ ಕೊನೆಯಲ್ಲಿ ತಾನೇ ನಿರ್ಧರಿಸಲಿ. ಪ್ರವೇಶದ ಅರ್ಜಿ ತುಂಬುವ ದಿನ ಮನೆಯವರು ಅದನ್ನು ನಿರ್ಧರಿಸಬೇಕಾಗಿಲ್ಲ.