ಚೀನೀ ಬಫೆಯ ಬೋರ್ಡು, ನಮ್ಮ ಆಲೆಮನೆ ಬೋರ್ಡು

ಕಬ್ಬಿಗೂ ಅಮೆರಿಕಾದ ಚೀನೀ ಹೋಟೆಲಿಗೂ ಏನು ಸಂಬಂಧ ಅಂತೀರಾ? ಇದೆ, ಓದಿ.

ಮಗಳ ಮನೇಲಿದ್ದಾಗ ಒಂದು ಚೀನೀ ಬಫೆಗೆ ಕರ್ಕೊಂಡು ಹೋಗಿದ್ರು. ಅದೇ ಹೆಸರಿನ ಹೋಟೆಲು ಬೇರೆ ಊರುಗಳಲ್ಲೂ ಇದೆಯಂತೆ. ತಲೆಗಿಷ್ಟು ಅಂತ ದುಡ್ಡು ಕೊಟ್ರೆ ಎಷ್ಟು ಸಲ ಬೇಕಾದ್ರೂ ತಟ್ಟೆ ತುಂಬಿಸ್ಕೋಬಹುದು. ಹಬೆ ಮೇಲೆ ಸಾಲಾಗಿ ಸ್ಟೀಲ್ ಟ್ರೇಗಳು, ಮುಂದೆ ಗಾಜಿನ ತಡೆ. ಕೋಳಿ ಜೊತೆ ಬ್ರೊಕೊಲಿ. (ಬ್ರೊಕೊಲಿ ಇಟಲಿ ಕಡೆಯ ತರಕಾರಿ, ಅಲ್ಲಿ ಅದನ್ನ ಹೆಚ್ಚಾಗಿ ಬೆಳೆಯೋದು ಕ್ಯಾಲಿಫೋರ್ನಿಯಾದಲ್ಲಿ. ಚೀನೀ ಊಟ ಅನ್ನೋದರ ಕತೆ ಹಿಂಗಿದೆ.)

ಇಂಥ ಬಫೆ ಬಗ್ಗೆ ಜನ ಎರಡು ಮಾತಾಡ್ತಾರೆ. ಒಂದು, ಹಳಸಲು ಇಡ್ತಾರೆ ಅನ್ನೋದು. ಅದನ್ನ ಅಳೆದು ನೋಡಬಹುದು. ಬಿಸಿ ಪದಾರ್ಥ 57 ಡಿಗ್ರಿಗಿಂತ ಕೆಳಗೆ ಇಳೀಬಾರದು ಅಂತ ಅಲ್ಲಿನ ಆಹಾರ ನಿಯಮ, ತಪಾಸಣೆಯೋರು ಥರ್ಮಾಮೀಟರ್ ಚುಚ್ಚಿ ನೋಡ್ತಾರೆ. ಇನ್ನೊಂದು ಮಾತು ಅಳತೆಗೆ ಸಿಗಲ್ಲ. ಬಾಗಿಲಲ್ಲೇ ಬೋರ್ಡು: 'ನಾವು ಎಂಎಸ್‌ಜಿ ಬಳಸುವುದಿಲ್ಲ'. ಅಂದ್ರೆ ನಮ್ಮ ಗೋಬಿ ಗಾಡಿಯೋರು ಹಾಕೋ ಟೇಸ್ಟಿಂಗ್ ಪೌಡ್ರು. ಪಕ್ಕದ ಪಿಜ್ಜಾ ಅಂಗಡಿಗೆ ಆ ಬೋರ್ಡಿಲ್ಲ. "ಇವರ ಊಟ ತಿಂದ್ರೆ ತಲೆನೋವು ಬರುತ್ತೆ ಅನ್ನೋದು ಹಳೇ ಮಾತು ಮಾವ" ಅಂದ ಅಳಿಯ.

ಎಷ್ಟು ಹಳೇದು ಅಂತ ಹುಡುಕಿದೆ. 1968ರಲ್ಲಿ ರಾಬರ್ಟ್ ಹೋ ಮಾನ್ ಕ್ವಾಕ್ ಅನ್ನೋ ಡಾಕ್ಟರು ಅಮೆರಿಕಾದ ಒಂದು ವೈದ್ಯಕೀಯ ಪತ್ರಿಕೆಗೆ ಕಾಗದ ಬರೆದ್ರು. ಚೀನೀ ಹೋಟೆಲಲ್ಲಿ ಉಂಡಾಗ ಕತ್ತಿನ ಹಿಂದೆ ಜೋಮು, ಸುಸ್ತು, ಎದೆ ಡವಡವ. ಸೋಯಾ ಸಾಸಾ, ಅಡುಗೆಗೆ ಹಾಕೋ ವೈನಾ, ಎಂಎಸ್‌ಜಿನಾ, ಉಪ್ಪಾ ಅಂತ ಕೇಳಿದ್ರು. ಕೇಳಿದ್ದು, ತೀರ್ಪು ಕೊಟ್ಟಿದ್ದಲ್ಲ. ಆದ್ರೆ ಅದರ ತಲೆಬರಹ 'ಚೈನೀಸ್ ರೆಸ್ಟೊರೆಂಟ್ ಸಿಂಡ್ರೋಮ್'. ಪ್ರಶ್ನೆ ಮರೆತೋಯ್ತು, ತಲೆಬರಹ ಉಳೀತು. ಏನು ತಿಂತಿದೀರಿ ಅಂತ ಹೇಳದೆ ಕೊಟ್ಟು ಆಮೇಲೆ ಮಾಡಿದ ಪರೀಕ್ಷೆಗಳಲ್ಲಿ ಆ ತೊಂದರೆ ಖಾತ್ರಿಯಾಗಿ ಕಾಣಲೇ ಇಲ್ಲ. ಊಟ ಇಲ್ಲದೆ ಬರೀ ಹೊಟ್ಟೇಲಿ 3 ಗ್ರಾಂ ಮೇಲೆ ತಿಂದ್ರೆ ಕೆಲವರಿಗೆ ಸ್ವಲ್ಪ ಹೊತ್ತು ಆಗಬಹುದಂತೆ. ಅಷ್ಟೊಂದು ಯಾರು ಹಾಗೆ ತಿಂತಾರೆ?

ಈ ರುಚೀನ 1908ರಲ್ಲಿ ಕಡಲಪಾಚಿ ಸಾರಿನಿಂದ ಬೇರೆ ಮಾಡಿದ್ದು ಜಪಾನಿನ ಇಕೆಡಾ. ಹಣ್ಣಾದ ಟೊಮೆಟೊದಲ್ಲೂ ಇರೋದು ಇದೇ ಗ್ಲುಟಮೇಟ್, ಹಳೇ ಚೀಸಲ್ಲೂ ಇದೇ. ಪಿಜ್ಜಾ ಮೇಲೆ ಬೇಕಾದಷ್ಟಿದೆ! ಈಗ ಈ ಪುಡಿ ಮಾಡೋದು ಕಬ್ಬಿನ ಕಾಕಂಬಿ, ಮೆಕ್ಕೆಜೋಳ, ಮರಗೆಣಸಿನ ಹಿಟ್ಟನ್ನ ಬ್ಯಾಕ್ಟೀರಿಯಾ ಬಿಟ್ಟು ಹುದುಗಿಸಿ. ಅಂದ್ರೆ ನಾವು ಬೆಳೆಯೋದೇ.

ನಂಗೆ ಇದು ತಟ್ಟಿದ್ದು ಬೆಲ್ಲದಿಂದ. ಹೈಡ್ರೋಸ್ ಹಾಕೋರು ಇದಾರೆ, ಇಲ್ಲ ಅನ್ನಲ್ಲ. ಮಾರ್ಕೆಟ್ಟಲ್ಲಿ ಬಿಳಿ ಬೆಲ್ಲಕ್ಕೇ ರೇಟು ಕೊಟ್ಟು ಕಲಿಸಿದ್ದು ಯಾರು ಅನ್ನೋದು ಬೇರೆ ಮಾತು. ಆದ್ರೆ ಸಿಟಿಯೋರ ಬಾಯಲ್ಲಿ ಮಂಡ್ಯದ ಬೆಲ್ಲ ಅಂದ್ರೇನೇ ಕೆಮಿಕಲ್ಲು. ನನ್ನ ತಮ್ಮ ಇವತ್ತಿಗೂ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಹಾಕೇ ಮಡ್ಡಿ ತೆಗೆಯೋನು. ಹೋದ ವರ್ಷ ಅವನೂ ಆಲೆಮನೆ ಮುಂದೆ ಬೋರ್ಡು ಬರೆಸಿದ: 'ಕೆಮಿಕಲ್ ಹಾಕುವುದಿಲ್ಲ'.

ಕಾರು ನಿಲ್ಲಿಸಿ ಇಳಿದ ಮೊದಲನೇ ಗಿರಾಕಿ ಬೋರ್ಡು ಓದಿ ಕೇಳಿದ್ದು: "ಹಂಗಾದ್ರೆ ಮೊದ್ಲು ಹಾಕ್ತಿದ್ರಾ?"